ಹೊಲಿಗೆ ಬಿಚ್ಚುವ ಸ್ಟ್ಯಾಂಡ್ ರಿಪ್ಪರ್: ತೊಂದರೆ ಎಲ್ಲಿದೆ, ಹುಡುಕುವುದು ಹೇಗೆ

ಸೀಮ್ ರಿಪ್ಪರ್ ಇಲ್ಲದ ಟೈಲರಿಂಗ್ ಡಬ್ಬಿ ಇಲ್ಲ. ಒಂದು ಉದ್ದನೆಯ ಚೂಪು ಮೊನೆ, ಪಕ್ಕದಲ್ಲಿ ಕೆಂಪು ಗುಂಡು ಕೂರಿಸಿದ ಗಿಡ್ಡ ಮೊನೆ, ಎರಡರ ನಡುವಿನ ಕವಲಿನಲ್ಲಿ ಅಲಗು. ಇದನ್ನು ಕೈಯಲ್ಲಿ ಹಿಡಿಯುವ ಬದಲು ಕ್ಲಾಂಪಿಗೆ ಸಿಕ್ಕಿಸಿ ಮೇಜಿನ ಅಂಚಿಗೆ ಬಿಗಿದರೆ ಎರಡೂ ಕೈ ಬಟ್ಟೆಗೆ ಸಿಗುತ್ತವೆ. ಸ್ಟ್ಯಾಂಡ್ ಸಮೇತ ಮಾರಾಟಕ್ಕೆ ಬರುವಂಥವೂ ಇವೆ; ಸಣ್ಣ ಟೇಬಲ್ ವೈಸ್‌ಗೆ ಮಾಮೂಲಿ ರಿಪ್ಪರನ್ನೇ ಕಚ್ಚಿಸಿಕೊಂಡು ಕೆಲಸ ಮಾಡುವವರೂ ಇದ್ದಾರೆ. ತತ್ವ ನಮ್ಮ ಈಳಿಗೆ ಮಣೆಯದೇ: ಅಲಗು ಕದಲುವುದಿಲ್ಲ, ಹೆಚ್ಚಬೇಕಾದದ್ದೇ ಅಲಗಿನ ಬಳಿ ಬರುತ್ತದೆ. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ಈಳಿಗೆಯಲ್ಲಿ ನಾವು ತಳ್ಳುತ್ತೇವೆ, ಇಲ್ಲಿ ಬಟ್ಟೆಯನ್ನು ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ.

ಬ್ಲೌಸ್ ಆಲ್ಟರ್ ಮಾಡುವವರಿಗೆ, ಹಳೆ ಸೀರೆ, ಲಂಗ ಬಿಚ್ಚಿ ಕೌದಿಗೆ ಬಟ್ಟೆ ಹೊಂದಿಸುವವರಿಗೆ, ಬೆರಳ ಗೆಣ್ಣು ನೋವಿರುವವರಿಗೆ ಇದು ತುಂಬ ಉಪಯೋಗದ ಸಲಕರಣೆ. ಆದರೆ ಏನಾದರೂ ಕೆಟ್ಟಾಗ ಎಲ್ಲರೂ ಮೊದಲು ದೂರುವುದು ಅಲಗನ್ನು. ನನಗೆ ಕಂಡಂತೆ ತೊಂದರೆ ಹೆಚ್ಚಾಗಿ ಇರುವುದು ಬಟ್ಟೆ ಹಿಡಿಯುವ ರೀತಿಯಲ್ಲಿ. ಕೈಯಲ್ಲಿ ರಿಪ್ಪರ್ ಹಿಡಿದಾಗ ಎಲ್ಲಿ ತಡೆಯಿತು ಎಂದು ಆ ಕೈಗೇ ಗೊತ್ತಾಗುತ್ತದೆ. ಸ್ಟ್ಯಾಂಡಿನಲ್ಲಿ ಆ ಅರಿವು ಬಟ್ಟೆ ಹಿಡಿದ ಬೆರಳುಗಳಿಗೆ ಬರಬೇಕು, ಅದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಹಾಗಾಗಿ ಪರೀಕ್ಷೆಯ ಕ್ರಮ ಹೀಗಿರಲಿ: ಮೊದಲು ಕ್ಲಾಂಪ್, ಆಮೇಲೆ ಬಟ್ಟೆ ಹಿಡಿದಿರುವ ರೀತಿ, ಆಮೇಲೆ ಅದು ಯಾವ ಜಾತಿಯ ಹೊಲಿಗೆ ಎಂಬುದು, ಕೊನೆಗೆ ಅಲಗು.

ಕೂರುವ ಮುನ್ನ

ಮೊನೆ ನಿಮ್ಮ ಮುಖದ ಕಡೆ ತಿರುಗಿರಲೇಬಾರದು. ಮೇಜಿನ ಆಚೆ ದಿಕ್ಕಿಗೆ ಮುಖ ಮಾಡಿ, ತುಸು ಮೇಲೆದ್ದಿರುವಂತೆ ರಿಪ್ಪರನ್ನು ಬಿಗಿಯಿರಿ. ಆಗ ದಾರ ತಟ್ಟನೆ ತುಂಡಾದರೂ ಕೈಗಳು ಮೊನೆಯಿಂದ ದೂರಕ್ಕೆ, ನಿಮ್ಮ ಕಡೆಗೇ ಬರುತ್ತವೆ. ಬಿದ್ದ ಗುಂಡಿಯನ್ನೋ ಬಾಬಿನ್ನನ್ನೋ (ಮೆಷಿನ್ನಿನ ಕೆಳದಾರ ಸುತ್ತಿರುವ ಪುಟ್ಟ ಉರುಳೆ) ಹುಡುಕಲು ಸ್ಟ್ಯಾಂಡಿನ ಮೇಲೆ ಬಗ್ಗಬೇಡಿ. ಕಣ್ಣಿಗೆ ಅಪಾಯವಾಗುವುದು ಇಂಥ ಹೊತ್ತಿನಲ್ಲೇ. ಎದ್ದು ಹೋಗುವಾಗ ಮೊನೆಗೆ ಮುಚ್ಚಳ ಹಾಕಿ, ಮುಚ್ಚಳ ಕಳೆದಿದ್ದರೆ ಒಂದು ಬಿರಡೆ ಅಥವಾ ದಪ್ಪ ರಬ್ಬರ್ ತುಂಡು ಚುಚ್ಚಿಡಿ. ಓಡಾಡುವ ಮಕ್ಕಳಿರುವ ಮನೆಯಲ್ಲಿ ಮುಚ್ಚಳ ಹಾಕಿದ್ದರೆ ಸಾಲದು, ಬಿಚ್ಚಿ ಎತ್ತಿಡಬೇಕು.

ಬೆಳಕು ಪಕ್ಕದಿಂದ ಬೀಳಲಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಪ್ಪು ಬಟ್ಟೆಯ ಕಪ್ಪು ದಾರ ಕಾಣುವುದೇ ಇಲ್ಲ. ಅದೇ ಪಕ್ಕದಲ್ಲಿ ಸಣ್ಣ ದೀಪವಿಟ್ಟರೆ ಪ್ರತಿ ಹೊಲಿಗೆಯ ನೆರಳೂ ಕಾಣಿಸುತ್ತದೆ.

ರಿಪ್ಪರ್ ಅಲುಗಾಡುತ್ತದೆ ಅಥವಾ ತಿರುಗುತ್ತದೆ

ಮೊನೆಗೆ ಮುಚ್ಚಳ ಹಾಕಿ, ಮರದ ಸ್ಕೇಲಿನಿಂದ ಪಕ್ಕಕ್ಕೆ ಮೆಲ್ಲಗೆ ಒತ್ತಿ. ಯಾವುದು ಕದಲುತ್ತದೆ ನೋಡಿ.

ಕ್ಲಾಂಪ್ ನಿಂತಲ್ಲೇ ಇದ್ದು ಒಳಗಿನ ಹಿಡಿ ಮಾತ್ರ ತಿರುಗಿದರೆ, ಹಿಡಿ ದುಂಡಗಿದೆ, ಕ್ಲಾಂಪಿಗೆ ಹಿಡಿತ ಸಿಗುತ್ತಿಲ್ಲ ಎಂದರ್ಥ. ಹಳೆ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಹಿಡಿಗೆ ಸುತ್ತಿ ಮತ್ತೆ ಬಿಗಿದರೆ ಸಾಕು. ಕ್ಲಾಂಪೇ ಮೇಜಿನ ಮೇಲೆ ಜಾರುತ್ತಿದ್ದರೆ ಸನ್‌ಮೈಕಾದ ನುಣುಪು ಕಾರಣ, ಅದಕ್ಕೂ ಅದೇ ಟ್ಯೂಬಿನ ಇನ್ನೊಂದು ತುಂಡು ಅಡಿಗೆ ಹಾಕಿ. ಮೇಜೇ ಅಲುಗುತ್ತಿದ್ದರೆ ಜಾಗ ಬದಲಿಸಿ. ಹಳೆಯ ಕಾಲ್ತುಳಿ ಮೆಷಿನ್ನಿನ ಮಡಚುವ ಹಲಗೆಗೆ ಕ್ಲಾಂಪ್ ಹಾಕುವುದು ಬೇಡ. ಅದರ ಕೀಲು ಸಡಿಲ, ಎಳೆದಾಗ ಏಳುತ್ತದೆ.

ಉಕ್ಕಿನ ಕಡ್ಡಿ ಪ್ಲಾಸ್ಟಿಕ್ ಹಿಡಿಯೊಳಗೆ ಹೊಕ್ಕಿರುವ ಜಾಗದಲ್ಲೇ ಅಲುಗಾಟ ಇದ್ದರೆ ಅಲ್ಲಿಗೆ ನಿಲ್ಲಿಸಿ. ಅಂಟು ಹಾಕಿ ಸರಿಮಾಡುವ ಭಾಗವಲ್ಲ ಅದು. ಎಳೆತದಲ್ಲಿ ಕಡ್ಡಿ ಕಿತ್ತುಬಂದರೆ ಅಂಗೈಗೆ ಚುಚ್ಚುತ್ತದೆ. ರಿಪ್ಪರ್ ಏನೂ ದುಬಾರಿಯಲ್ಲ, ಬೇರೆ ತನ್ನಿ.

ಬಟ್ಟೆಯೇ ಹರಿಯುತ್ತಿದೆ

ಸ್ಟ್ಯಾಂಡ್ ಉಪಯೋಗ ನಿಲ್ಲಿಸಿದವರು ಹೆಚ್ಚಾಗಿ ಹೇಳುವ ಕಾರಣ ಇದೇ. ಹರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರೆ ಕಾರಣವನ್ನು ಆ ಗಾಯವೇ ತೋರಿಸುತ್ತದೆ.

ತೂತಿನ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚೊಕ್ಕಟವಾಗಿದ್ದರೆ ಅಲಗು ನೇರ ಬಟ್ಟೆಗೆ ತಾಗಿದೆ. ಆಗ ನೋಡಬೇಕಾದದ್ದು ಕೆಂಪು ಗುಂಡು ಎಲ್ಲಿದೆ ಎಂಬುದನ್ನು. ಎರಡು ಪದರಗಳನ್ನು ಅಗಲಿಸಿದಾಗ ನಡುವೆ ಏಣಿಯ ಮೆಟ್ಟಿಲಿನಂತೆ ದಾರಗಳು ಕಾಣುತ್ತವಲ್ಲ, ಆ ದಾರಗಳ ಅಡಿಗೆ, ನಿಮ್ಮ ಕಣ್ಣಿಗೆ ಕಾಣದ ಕಡೆಗೆ ಗುಂಡು ಹೋಗಬೇಕು. ಚೂಪು ಮೊನೆ ನಿಮಗೆ ಕಾಣುವ ಕಡೆ ಇರಬೇಕು. ಗುಂಡು ಬಟ್ಟೆಯನ್ನು ಸವರಿಕೊಂಡು ಹೋಗುತ್ತದೆ, ಚುಚ್ಚುವುದಿಲ್ಲ. ತಿರುಗುಮುರುಗಾದರೆ ಕಾಣದ ಕಡೆ ಚೂಪು ಮೊನೆ ಓಡಾಡಿ ಒಳಪದರವನ್ನು ಸೀಳುತ್ತದೆ. ಗುಂಡು ಉದುರಿಹೋದ ರಿಪ್ಪರನ್ನು ಸ್ಟ್ಯಾಂಡಿಗೆ ಹಾಕಲೇಬೇಡಿ. ಕೈಯಲ್ಲಿ ಒಂದೊಂದೇ ಹೊಲಿಗೆ ಎತ್ತಲು ಬೇಕಾದರೆ ಇಟ್ಟುಕೊಳ್ಳಿ.

ಅಂಚು ಚೊಕ್ಕಟವಾಗಿರದೆ ನೂಲೆಳೆಗಳು ಜಗ್ಗಿ, ಹಿಂಜಿದಂತಿದ್ದರೆ ಅದು ಅಲಗಿನ ಕೆಲಸವಲ್ಲ, ಎಳೆತದ ಕೆಲಸ. ಹೊಲಿಗೆಯ ಶುರುವಿನಲ್ಲಿ, ಕೊನೆಯಲ್ಲಿ ಟೈಲರ್ ಹಿಂದೆ ಮುಂದೆ ಓಡಿಸಿ ಬಿಗಿ ಮಾಡಿರುತ್ತಾರೆ. ಅಲ್ಲಿ ಒಂದರ ಮೇಲೊಂದು ಮೂರು ಸಾಲು ದಾರ ಇರುತ್ತದೆ. ಅಲ್ಲಿಯವರೆಗೆ ಸಲೀಸಾಗಿ ಬಂದ ಬಟ್ಟೆ ಇದ್ದಕ್ಕಿದ್ದಂತೆ ತಡೆಯುತ್ತದೆ, ನಾವು ಇನ್ನಷ್ಟು ಎಳೆಯುತ್ತೇವೆ, ದಾರದ ಬದಲು ಬಟ್ಟೆ ಬಿಡುತ್ತದೆ. ತೋಳು ಮತ್ತು ಪಕ್ಕದ ಹೊಲಿಗೆ ಕೂಡುವ ಕಂಕುಳಿನ ಜಾಗ, ಕಾಲರ್ ತುದಿ, ಜೇಬಿನ ಮೂಲೆ, ಇವೂ ಇಂಥವೇ. ಈ ಜಾಗಗಳಲ್ಲಿ ಸ್ಟ್ಯಾಂಡಿನಿಂದ ಬಟ್ಟೆ ತೆಗೆದು ಕೈ ರಿಪ್ಪರಿನಲ್ಲಿ ಒಂದೊಂದೇ ಎಳೆ ಎತ್ತಿ ಕತ್ತರಿಸಿ. ಬಿಗಿ ಹೊಲಿಗೆ ಇರುವಲ್ಲೆಲ್ಲ ಮೊದಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರೆ ಓಟದಲ್ಲಿ ಮರೆಯುವುದಿಲ್ಲ.

ಮೂರನೆಯ ಗುರುತು ಬೇರೆ ಥರದ್ದು. ತೂತು ಎನ್ನುವಂಥದ್ದೇನೂ ಇಲ್ಲ, ಆದರೆ ಹೊಲಿಗೆಯ ಉದ್ದಕ್ಕೂ ನೂಲುಗಳು ಸರಿದು ಜಾಲರಿಯಂತೆ ಬಿಟ್ಟುಕೊಂಡಿವೆ. ಇದು ರಿಪ್ಪರಿನಿಂದ ಆದದ್ದಲ್ಲ. ಬಿಗಿ ಬ್ಲೌಸ್ ಹಾಕಿ ಹಾಕಿ ಹೊಲಿಗೆಯ ಪಕ್ಕದ ನೂಲು ಮೊದಲೇ ಸರಿದಿತ್ತು, ಬಿಚ್ಚಿದ ಮೇಲೆ ಕಣ್ಣಿಗೆ ಬಿತ್ತು ಅಷ್ಟೆ. ಹಳೆ ರೇಷ್ಮೆಯಲ್ಲಿ ಇದು ಸಾಮಾನ್ಯ. ಹೀಗಿದ್ದರೆ ಕೆಲಸ ನಿಲ್ಲಿಸಿ. ಆ ಗೆರೆಯ ಮೇಲೆ ಮತ್ತೆ ಹೊಲಿದರೆ ನಿಲ್ಲದು. ಹಿಂದಿನಿಂದ ಇಸ್ತ್ರಿಯಲ್ಲಿ ಅಂಟುವ ತೆಳು ಕ್ಯಾನ್ವಾಸ್ ಪಟ್ಟಿ ಬೇಕಾಗುತ್ತದೆ, ಇಲ್ಲವೆ ರಫು ಮಾಡುವವರ ಕೈಗೆ ಕೊಡಬೇಕಾಗುತ್ತದೆ.

ಗುಳೇದಗುಡ್ಡದ ಖಣದ ಕುಪ್ಪಸ ಬಿಚ್ಚುವವರಿಗೆ ಒಂದು ಮಾತು. ಖಣದ ವಿನ್ಯಾಸ ಮೂಡಿಸುವ ಎಳೆಗಳು ಬಟ್ಟೆಯ ಮೇಲೆ ತೇಲಿಕೊಂಡಿರುತ್ತವೆ. ಚೂಪು ಮೊನೆಗೆ ಹೊಲಿಗೆ ದಾರ ಯಾವುದು, ವಿನ್ಯಾಸದ ಎಳೆ ಯಾವುದು ಎಂಬ ಭೇದವಿಲ್ಲ. ಒಂದು ಎಳೆ ತುಂಡಾದರೂ ಆ ಹೂವಿನ ರೂಪ ಕೆಡುತ್ತದೆ. ಖಣ ಮತ್ತು ಜರಿ ಅಂಚು ಎರಡನ್ನೂ ಯಾವಾಗಲೂ ಲೈನಿಂಗ್ ಇರುವ ಕಡೆಯಿಂದ ಬಿಚ್ಚಿ, ಅದೂ ಸ್ಟ್ಯಾಂಡಿನಲ್ಲಿ ಓಡಿಸಿಕೊಂಡು ಹೋಗದೆ. ಜರಿಯಲ್ಲಿ ನೂಲಿನ ಸುತ್ತ ಲೋಹದ ತೆಳು ತಗಡು ಸುತ್ತಿರುತ್ತದೆ. ಅಲಗು ಗೀರಿದರೆ ಆ ಸುತ್ತು ಬಿಚ್ಚಿಕೊಂಡು ಮುಳ್ಳಿನಂತೆ ಎದ್ದು ನಿಲ್ಲುತ್ತದೆ.

ಯಾವ ಬಟ್ಟೆಯೇ ಇರಲಿ, ಮೊದಲ ಪರೀಕ್ಷೆ ಖರ್ಚಿಲ್ಲದ್ದು: ಒಳಗೆ ಬಿಟ್ಟಿರುವ ಮಾರ್ಜಿನ್ ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಹಗುರಾಗಿ ಅಗಲಿಸಿ ನೋಡಿ. ಅಷ್ಟಕ್ಕೇ ನೂಲು ಸರಿದರೆ ಆ ಬಟ್ಟೆ ಸ್ಟ್ಯಾಂಡಿಗೆ ತಕ್ಕದ್ದಲ್ಲ.

ದಾರ ಕತ್ತರಿಸುವುದಿಲ್ಲ, ಜಾರುತ್ತದೆ, ಸಿಕ್ಕಿಕೊಳ್ಳುತ್ತದೆ

ಕವಲನ್ನು ಬೆಳಕಿಗೆ ಹಿಡಿದು ನೋಡಿ. ಅಲಗಿನ ಮುಂದೆ ನೂಲಿನ ಜುಂಗು ಗಟ್ಟಿಯಾಗಿ ಕೂತಿದ್ದರೆ ದಾರ ಅಲಗಿನವರೆಗೆ ಹೋಗುವುದೇ ಇಲ್ಲ. ಸೂಜಿಯ ತುದಿಯಿಂದ ಕೆದಕಿ ತೆಗೆಯಿರಿ, ಬೆರಳಿನಿಂದ ಮಾತ್ರ ಬೇಡ. ಅಂಟು ಹಾಕಿದ ಕ್ಯಾನ್ವಾಸ್ ಬಿಚ್ಚಿದ್ದರೆ ಅಂಟಿನ ಪದರವೂ ಇರುತ್ತದೆ, ಸ್ಪಿರಿಟ್ ತಾಗಿಸಿದ ಹತ್ತಿಯನ್ನು ಕಡ್ಡಿಗೆ ಸುತ್ತಿ ಒರೆಸಿ.

ಜುಂಗು ಇಲ್ಲ ಎಂದಾದರೆ ಬಟ್ಟೆ ಸಡಿಲವಾಗಿದೆಯೇ ನೋಡಿ. ಪದರಗಳನ್ನು ಸಾಕಷ್ಟು ಅಗಲಿಸದಿದ್ದರೆ ದಾರ ಬಿಗಿಯಾಗಿ ನಿಲ್ಲುವುದಿಲ್ಲ, ಸಡಿಲ ದಾರವನ್ನು ಹೊಸ ಅಲಗೂ ಕತ್ತರಿಸದೆ ಮುಂದಕ್ಕೆ ನೂಕುತ್ತದೆ. ಎಡ ಬಲ ಸಮನಾಗಿ, ಹೊಲಿಗೆಯ ಎರಡೂ ಪಕ್ಕ ಎರಡು ಮೂರು ಬೆರಳಗಲ ದೂರದಲ್ಲಿ ಹಿಡಿಯಿರಿ. ಹತ್ತಿರ ಹಿಡಿದರೆ ಬೆರಳಿಗೆ ಅಪಾಯ, ದೂರ ಹಿಡಿದರೆ ನಡುವಿನ ಬಟ್ಟೆ ಜೋಲುತ್ತದೆ.

ಇಷ್ಟಾದ ಮೇಲೆ ಅಲಗಿನ ಪರೀಕ್ಷೆ. ಒಂದು ಮೊಳ ಪಾಲಿಯೆಸ್ಟರ್ ದಾರವನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು ಕವಲಿಗೆ ತಾಗಿಸಿ. ತಾಗಿದ ಕೂಡಲೆ ತುಂಡಾಗಿ ತುದಿ ಚೊಕ್ಕಟವಾಗಿದ್ದರೆ ಅಲಗು ಚೆನ್ನಾಗಿದೆ. ಉಜ್ಜಿ ಉಜ್ಜಿ ತುಂಡಾಗಿ ತುದಿ ಕುಂಚದಂತೆ ಹರಡಿದ್ದರೆ ಮೊಂಡಾಗಿದೆ. ಹತ್ತಿ ದಾರದಲ್ಲಿ ಈ ಪರೀಕ್ಷೆ ಮಾಡಿದರೆ ಮೋಸ ಹೋಗುತ್ತೀರಿ, ಅದು ಮೊಂಡು ಅಲಗಿಗೂ ತುಂಡಾಗುತ್ತದೆ. ರಿಪ್ಪರಿನ ಅಲಗು ಬಾಗಿದ್ದು, ಜಾಗ ಇಕ್ಕಟ್ಟು. ಸಾಣೆ ಹಿಡಿಸಲು ಹೊರಟರೆ ಬೆರಳು ಕುಯ್ದುಕೊಳ್ಳುವುದೇ ಹೆಚ್ಚು. ಮೊಂಡಾದದ್ದನ್ನು ಹಾಗೇ ಕಸದ ಚೀಲಕ್ಕೆ ಹಾಕಬೇಡಿ, ಕಸ ಬೇರ್ಪಡಿಸುವವರು ಬರಿಗೈಯಲ್ಲೇ ತಡಕುತ್ತಾರೆ. ದಪ್ಪ ರಟ್ಟಿನಲ್ಲಿ ಸುತ್ತಿ, ಟೇಪ್ ಅಂಟಿಸಿ, ಮೇಲೆ ಬರೆದು ಕೊಡಿ.

ದಾರ ತುಂಡಾಗಿದೆ, ಆದರೂ ಹೊಲಿಗೆ ಬಿಡುತ್ತಿಲ್ಲ

ಇಲ್ಲಿ ತಪ್ಪು ಸಲಕರಣೆಯದಲ್ಲ. ಯಾವ ಹೊಲಿಗೆ ಎಂದು ತಿಳಿಯದೆ ಕೈ ಹಾಕಿರುತ್ತೇವೆ.

ಬ್ಲೌಸಿನ ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ, ಮುಂದೆ ಲೂಸ್ ಮಾಡಿಕೊಳ್ಳಲಿ ಎಂದೇ. ಬಿಗಿ ಹಿಡಿದಿರುವುದು ಮೈಗೆ ಹತ್ತಿರದ ಸಾಲು. ಬಟ್ಟೆಯ ಅಂಚಿನ ಕಡೆಯಿಂದ ಶುರು ಮಾಡಿದರೆ ಹೊರಗಿನ ಸಾಲುಗಳೆಲ್ಲ ಬಿಚ್ಚಿಹೋಗುತ್ತವೆ, ಬ್ಲೌಸ್ ಮಾತ್ರ ಒಂದು ಎಳೆಯಷ್ಟೂ ಸಡಿಲವಾಗಿರುವುದಿಲ್ಲ. ಬಿಚ್ಚಬೇಕಾದದ್ದು ಒಳಗಿನ ಸಾಲನ್ನು ಮಾತ್ರ. ಅದರಾಚೆಯ ಸಾಲು ತಾನಾಗಿ ಹೊಸ ಅಳತೆ ಹಿಡಿಯುತ್ತದೆ, ಮತ್ತೆ ಹೊಲಿಯುವ ಕೆಲಸವೂ ಉಳಿಯುತ್ತದೆ. ಪದರಗಳನ್ನು ಬಟ್ಟೆಯ ಒಳ್ಳೆ ಬದಿಯಿಂದ ಅಗಲಿಸಿದರೆ ಮೊದಲು ಕಾಣುವ ಏಣಿಯೇ ಆ ಸಾಲು. ಎರಡನೇ ಏಣಿ ಕಾಣಿಸುವ ಮೊದಲು ಕೈ ನಿಲ್ಲಿಸಿ.

ಮನೆಯ ಮೆಷಿನ್ನಿನ ಮಾಮೂಲಿ ಹೊಲಿಗೆ ಲಾಕ್‌ಸ್ಟಿಚ್, ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 301. ಮೇಲಿನ ದಾರ, ಬಾಬಿನ್ ದಾರ ಎರಡೂ ಬಟ್ಟೆಯ ನಡುವೆ ಕೊಂಡಿ ಹಾಕಿಕೊಂಡಿರುತ್ತವೆ. ಎರಡು ಬದಿಯನ್ನೂ ನೋಡಿ. ಯಾವ ಬದಿಯ ದಾರ ಉಬ್ಬುತಗ್ಗಿಲ್ಲದೆ ಗೆರೆ ಎಳೆದಂತೆ ನೇರ ಮಲಗಿದೆಯೋ ಅದು ಎಳೆದರೆ ಬರುವ ದಾರ. ಇನ್ನೊಂದು ಬದಿಯಲ್ಲಿ ನಾಲ್ಕು ಹೊಲಿಗೆಗೆ ಒಂದರಂತೆ ಕತ್ತರಿಸುತ್ತ ಹೋಗಿ. ಹೊಲಿಗೆಯ ಉದ್ದ 2.5 ಮಿಲಿಮೀಟರ್ ಇದ್ದರೆ ಸೆಂಟಿಮೀಟರಿಗೆ ಒಂದು ಕಡಿತ ಬೀಳುತ್ತದೆ. ಆಮೇಲೆ ನೇರ ಮಲಗಿದ ದಾರದ ತುದಿ ಹಿಡಿದು ಎಳೆದರೆ ಉದ್ದಕ್ಕೆ ಬಂದುಬಿಡುತ್ತದೆ.

ಒಂದು ಬದಿ ನೇರ ಹೊಲಿಗೆ, ಇನ್ನೊಂದು ಬದಿ ಸರಪಳಿ ಕಂಡರೆ ಅದು ಚೈನ್‌ಸ್ಟಿಚ್. ಒಂದೇ ದಾರದ್ದು 101, ಎರಡು ದಾರದ್ದು 401. ಅಕ್ಕಿ ಮೂಟೆಯ ಬಾಯಿ, ಜೀನ್ಸ್ ಸೊಂಟಪಟ್ಟಿ ಇವುಗಳಲ್ಲಿ ಇರುತ್ತದೆ. ಇದಕ್ಕೆ ಸ್ಟ್ಯಾಂಡೇ ಬೇಡ. ಹೊಲಿಗೆ ಮುಗಿದ ತುದಿಯಲ್ಲಿ ಕೊನೆಯ ಕುಣಿಕೆ ಬಿಡಿಸಿ ಎಳೆದರೆ ಸರ್ರನೆ ಇಡೀ ಸಾಲು ಕಳಚುತ್ತದೆ. ಶುರುವಿನ ತುದಿಯಿಂದ ಎಷ್ಟು ಎಳೆದರೂ ಗಂಟು ಬೀಳುತ್ತದೆ. ಅಕ್ಕಿ ಮೂಟೆಯ ತಪ್ಪು ತುದಿ ಎಳೆದು ಸೋತವರಿಗೆಲ್ಲ ಇದು ಗೊತ್ತು.

ಓವರ್‌ಲಾಕ್‌ನಲ್ಲಿ ಅಂಚನ್ನು ಸುತ್ತಿಕೊಂಡ ದಾರಗಳು ಎರಡು, ಅವನ್ನು ಬಟ್ಟೆಗೆ ಹಿಡಿದಿರುವ ಸೂಜಿ ದಾರ ಒಂದು; ಮೂರು ದಾರದ ಮಾಮೂಲಿ ಓವರ್‌ಲಾಕ್ 504. ಅಂಚಿನ ಕುಣಿಕೆಗಳನ್ನು ಸ್ಟ್ಯಾಂಡಿನ ಅಲಗಿಗೆ ಕೊಟ್ಟು ಒಂದೇ ಸಮನೆ ಓಡಿಸಿ, ಆಮೇಲೆ ಸೂಜಿ ದಾರ ಎಳೆಯಿರಿ. ಸ್ಟ್ಯಾಂಡ್ ನಿಜವಾಗಿ ಸಮಯ ಉಳಿಸುವುದು ಇಲ್ಲಿ. ಕೈಯಲ್ಲಿ ಬೇಸರ ಹಿಡಿಸುವ ಕೆಲಸ ಇದರಲ್ಲಿ ಚಕಚಕ ಮುಗಿಯುತ್ತದೆ.

ಬಟ್ಟೆ ತುಂಬ ದಾರದ ಚೂರು

ಪ್ರತಿ ಹೊಲಿಗೆಯೂ ತುಂಡಾಗಿದೆ ಎಂಬುದರ ಗುರುತು ಇದು. ಲಾಕ್‌ಸ್ಟಿಚ್ಚಿನ ಏಣಿಯನ್ನು ಒಂದೇ ಓಟಕ್ಕೆ ಸೀಳಿದರೆ ಹೀಗಾಗುತ್ತದೆ. ತಪ್ಪೇನಿಲ್ಲ, ಒರಟು ಹತ್ತಿ ಬಟ್ಟೆಗೆ ಆ ವೇಗವೇ ಸರಿ. ಒದ್ದೆ ಮಾಡಿ ಹಿಂಡಿದ ಅಂಗೈಯಗಲದ ಸ್ಪಂಜು ಅಥವಾ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಂದೇ ದಿಕ್ಕಿಗೆ ಉಜ್ಜಿದರೆ ಚೂರುಗಳು ಏಳುತ್ತವೆ. ರೇಷ್ಮೆಗೆ ನೀರು ತಾಗಿಸದೆ ಅಂಟುಟೇಪ್ ಹಗುರಾಗಿ ಒತ್ತಿ ತೆಗೆಯಿರಿ. ಮೆಷಿನ್ನಿನ ಪಕ್ಕದಲ್ಲಿ ಈ ಕೆಲಸ ಮಾಡಬೇಡಿ. ಚೂರುಗಳು ಬಾಬಿನ್ ಕೇಸಿನೊಳಗೆ ಸೇರಿದರೆ ನಾಳೆ ಅಲ್ಲೊಂದು ಹೊಸ ತೊಂದರೆ ಹುಟ್ಟುತ್ತದೆ.

ಬಿಚ್ಚಿದ ಮೇಲೆ ತೂತಿನ ಸಾಲು ಉಳಿದಿದೆ

ಉಗುರಿನಿಂದ ಅಥವಾ ಚಮಚದ ಬೆನ್ನಿನಿಂದ ಅಡ್ಡಕ್ಕೂ ಉದ್ದಕ್ಕೂ ಮೆಲ್ಲಗೆ ಸವರಿ ನೋಡಿ. ತೂತು ಚಿಕ್ಕದಾಗುತ್ತಿದ್ದರೆ ನೂಲು ಪಕ್ಕಕ್ಕೆ ಸರಿದಿತ್ತು ಅಷ್ಟೆ. ಹತ್ತಿ, ಲಿನನ್ ಬಟ್ಟೆ ಒಂದು ಒಗೆತ ಮತ್ತು ಇಸ್ತ್ರಿಯಲ್ಲಿ ಸರಿಹೋಗುತ್ತವೆ. ಬಟ್ಟೆಯ ಲೇಬಲ್ಲಿನ ಇಸ್ತ್ರಿ ಚಿತ್ರದಲ್ಲಿ ಒಂದು ಚುಕ್ಕಿ ಇದ್ದರೆ 110 ಡಿಗ್ರಿ, ಎರಡಿದ್ದರೆ 150, ಮೂರಿದ್ದರೆ 200 ಡಿಗ್ರಿ ಸೆಲ್ಸಿಯಸ್ ಮಿತಿ. ರೇಷ್ಮೆಗೆ ಎರಡು ಚುಕ್ಕಿ ದಾಟಬಾರದು, ನಡುವೆ ಮಲ್ ಬಟ್ಟೆ ಇರಲೇಬೇಕು.

ಸವರಿದರೂ ತೂತು ಕದಲದಿದ್ದರೆ ನೂಲೇ ತುಂಡಾಗಿದೆ, ಮೊಂಡು ಸೂಜಿಯಲ್ಲೋ ದಪ್ಪ ಸೂಜಿಯಲ್ಲೋ ಹೊಲಿದಿದ್ದಾರೆ. ಅದು ಮುಚ್ಚುವುದಿಲ್ಲ. ರೆಕ್ಸಿನ್, ಚರ್ಮ, ರೇನ್‌ಕೋಟ್ ಬಟ್ಟೆಗಳಲ್ಲಿ ಯಾವ ಸೂಜಿಯ ತೂತೂ ಮುಚ್ಚುವುದಿಲ್ಲ. ಆದ್ದರಿಂದ ಬಿಚ್ಚುವ ಮೊದಲೇ ಹೊಸ ಹೊಲಿಗೆ ಎಲ್ಲಿ ಬೀಳುತ್ತದೆ ಎಂದು ಯೋಚಿಸಬೇಕು. ಸಡಿಲ ಮಾಡಿದರೆ ಹಳೆ ತೂತಿನ ಸಾಲು ಹೊರಗೆ ಕಾಣುತ್ತದೆ, ಬಿಗಿ ಮಾಡಿದರೆ ಒಳಗೆ ಮರೆಯಾಗುತ್ತದೆ. ಮೈಸೂರು ಸಿಲ್ಕ್ ಕ್ರೇಪಿನಂಥ ಬಟ್ಟೆಯಲ್ಲಿ ಒಳಗಿನ ಮೂಲೆಯೊಂದರಲ್ಲಿ ಎರಡಿಂಚು ಬಿಚ್ಚಿ, ಸವರಿ, ಇಸ್ತ್ರಿ ಹಾಕಿ ನೋಡಿದ ಮೇಲೆ ಉಳಿದದ್ದಕ್ಕೆ ಕೈ ಹಾಕಿ.

ಕೈ ನೋವು, ಬೆರಳಿಗೆ ಗಾಯ

ಹೆಗಲು ನೋಯುತ್ತಿದ್ದರೆ ಕ್ಲಾಂಪ್ ಎತ್ತರದಲ್ಲಿದೆ. ಅಲಗು ನಿಮ್ಮ ಮೊಣಕೈ ಮಟ್ಟದಲ್ಲಿರಬೇಕು. ಒಂದು ಕೈಗೆ ಬಲ ಕಡಿಮೆ ಇದ್ದವರು ಬಟ್ಟೆಯ ಇನ್ನೊಂದು ತುದಿ ಹಿಡಿಯಲು ಎರಡನೇ ಕ್ಲಾಂಪ್ ಹಾಕಿಕೊಳ್ಳಬಹುದು. ಅಮೆರಿಕದ ಕನೆಕ್ಟಿಕಟ್ಟಿನ ಮೆರಿಡನ್ನಿನಲ್ಲಿ ಚಾರ್ಲ್ಸ್ ವಾಟರ್ಮನ್ 1853ರಲ್ಲಿ ಪೇಟೆಂಟ್ ಪಡೆದ, ಕೊಕ್ಕಿನಲ್ಲಿ ಬಟ್ಟೆ ಕಚ್ಚಿ ಹಿಡಿಯುವ ಹಕ್ಕಿಯಾಕಾರದ ಕ್ಲಾಂಪ್ ಮಾಡುತ್ತಿದ್ದದ್ದು ಇದೇ ಕೆಲಸವನ್ನು.

ಚುಚ್ಚಿದ ಗಾಯ ಮೇಲ್ನೋಟಕ್ಕೆ ಚಿಕ್ಕದು, ಒಳಗೆ ಆಳ. ಹರಿಯುವ ನೀರು ಮತ್ತು ಸೋಪಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಬಿಡದೆ ಒತ್ತಿದರೂ ರಕ್ತ ನಿಲ್ಲದಿದ್ದರೆ, ಬೆರಳ ತುದಿ ಜೋಮು ಹಿಡಿದರೆ, ಬೆರಳು ಮಡಚಲು ಆಗದಿದ್ದರೆ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ಕಾಲವಾಯಿತು ಎಂದು ವೈದ್ಯರಿಗೆ ತಿಳಿಸಿ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಚಿಕ್ಕ ಗಾಯವನ್ನೂ ಅಲಕ್ಷ್ಯ ಮಾಡಬಾರದು. ಕಣ್ಣಿಗೆ ತಾಗಿದರೆ ಉಜ್ಜಬೇಡಿ, ಒತ್ತಬೇಡಿ, ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಹೋಗಿ.

ಮಗ್ಗಂ ವರ್ಕಿನ ದಾರ ತುಂಡಾಗಿದೆ

ಮಗ್ಗಂ ಅಥವಾ ಆರಿ ಕೆಲಸದ ಬ್ಲೌಸನ್ನು ಸ್ಟ್ಯಾಂಡಿಗೆ ತರಲೇಬಾರದು. ಕೊಕ್ಕೆಸೂಜಿಯಲ್ಲಿ ಹಾಕುವ ಆ ಹೊಲಿಗೆಯೂ ಸರಪಳಿಯೇ, ಅಕ್ಕಿ ಮೂಟೆಯ ಹಾಗೆಯೇ ಒಂದು ಕಡೆ ಬಿಟ್ಟರೆ ಸಾಲುಸಾಲಾಗಿ ಕಳಚುತ್ತದೆ, ಮಣಿಗಳೂ ಉದುರುತ್ತವೆ. ಹೇಗೋ ತುಂಡಾಗಿಬಿಟ್ಟಿದ್ದರೆ ತುದಿಯನ್ನು ಎಳೆದು ನೋಡುವ ಆಸೆ ಬೇಡ. ತೆರೆದ ಕುಣಿಕೆಯೊಳಗೆ ಸೂಜಿಯಿಂದ ಬೇರೆ ಬಣ್ಣದ ದಾರ ತೂರಿಸಿ, ಹಿಂಬದಿಗೆ ತೆಗೆದುಕೊಂಡು ಸಡಿಲವಾಗಿ ಗಂಟು ಹಾಕಿ. ಉದುರಿದ ಮಣಿಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬ್ಲೌಸನ್ನು ಮಡಚದೆ ಸುರುಳಿ ಸುತ್ತಿ, ವರ್ಕ್ ಮಾಡಿದವರ ಬಳಿಗೇ ಒಯ್ಯಿರಿ. ಅದೇ ದಾರ, ಅದೇ ಮಣಿ ಅವರಲ್ಲಿ ಉಳಿದಿರುವ ಸಂಭವ ಹೆಚ್ಚು. ಬೇರೆ ಬಣ್ಣದ ಗಂಟು ಕಂಡರೆ ಎಲ್ಲಿಂದ ಶುರು ಮಾಡಬೇಕೆಂದು ಅವರಿಗೆ ಹುಡುಕಬೇಕಾಗುವುದಿಲ್ಲ.